ನದೀಮೂಲ, ಋಷಿಮೂಲ, ಕಾಯಿಮೂಲ

ನಾನು ಪಾಠ ಹೇಳುವುದು ಕನ್ನಡ ಮತ್ತು ಸಮಾಜ ವಿಜ್ಞಾನ. ಆದರೆ ನಮ್ಮಂಥ ಚಿಕ್ಕ ಶಾಲೆಗಳಲ್ಲಿ ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಅವರ ಪೀರಿಯಡ್ಡಿಗೆ ಹೋಗಿ ನಿಲ್ಲಲೇಬೇಕು. ಹಾಗೆ ಒಮ್ಮೆ ವಿಜ್ಞಾನದ ಟೀಚರು ಮಗಳ ಬಾಣಂತನಕ್ಕೆಂದು ಹೋಗಿ, ಹದಿನೈದು ದಿನ ಏಳನೆಯ ತರಗತಿಯ ವಿಜ್ಞಾನ ನನ್ನ ಪಾಲಿಗೆ ಬಂತು. ಪಾಠ ಬೀಜ ಪ್ರಸಾರ. ಗಾಳಿಗೆ ಹಾರುವ ಎಕ್ಕದ ಬೀಜ, ಸೀರೆಯ ಅಂಚಿಗೆ ಅಂಟುವ ಉತ್ತರಾಣಿ, ಮುಟ್ಟಿದರೆ ಸಿಡಿಯುವ ಕರ್ಣಕುಂಡಲ, ನೀರಿನಲ್ಲಿ ತೇಲುವ ತೆಂಗು. ಇಷ್ಟನ್ನು ಹೇಳುವುದಕ್ಕೆ ವಿಜ್ಞಾನ ಓದಿರಬೇಕಾಗಿಲ್ಲ ಎಂದು ಧೈರ್ಯವಾಗಿ ಬೋರ್ಡಿನ ಮೇಲೆ ಒಂದು ತೆಂಗಿನಕಾಯಿ ಬರೆದೆ. ಸಮುದ್ರಕ್ಕೆ ಬಿದ್ದ ಕಾಯಿ ತೇಲುತ್ತಾ ತೇಲುತ್ತಾ ಎಲ್ಲೋ ಒಂದು ದ್ವೀಪದ ದಡಕ್ಕೆ ತಾಗಿ ಅಲ್ಲಿ ಮೊಳೆಯುತ್ತದೆ ಎಂದೆ. ಮೂರನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

"ಮಿಸ್, ಅದು ತೇಲಿಕೊಂಡೇ ಹೋಯ್ತು ಅಂತ ಹೇಗೆ ಗೊತ್ತು? ಯಾರಾದರೂ ನೋಡಿದ್ರಾ? ಯಾರೋ ದೋಣಿಯಲ್ಲಿ ತಗೊಂಡು ಹೋಗಿ ನೆಟ್ಟಿರಬಹುದಲ್ವಾ?"

"ನಾಳೆ ಹೇಳ್ತೀನಿ, ಕೂತ್ಕೋ" ಎಂದೆ. ಮೂವತ್ತು ವರ್ಷ ಪಾಠ ಮಾಡಿದವರಿಗೆಲ್ಲ ಈ ಮಾತು ಚೆನ್ನಾಗಿ ಅಭ್ಯಾಸವಾಗಿರುತ್ತದೆ. ಆದರೆ ಕೇಳಿದ್ದು ಆ ಹುಡುಗಿಯಾದ್ದರಿಂದ ಮನಸ್ಸಿಗೆ ಸ್ವಲ್ಪ ಚುಚ್ಚಿತು. ಅವಳ ವಿಷಯದಲ್ಲಿ ನನ್ನದೊಂದು ಹಳೆಯ ಬಾಕಿ ಇತ್ತು. ಅದನ್ನು ಮುಂದೆ ಹೇಳುತ್ತೇನೆ.

ನನ್ನ ಅಣ್ಣನ ಮಗಳು ಕೃಷಿ ವಿಜ್ಞಾನ ಓದಿದವಳು. ತಿಂಗಳಿಗೊಂದು ಭಾನುವಾರ ತಿಲಕ್ ನಗರದ ನಮ್ಮ ಮನೆಗೆ ಊಟಕ್ಕೆ ಬರುತ್ತಾಳೆ. ನಾನು ಹೆರೆಮಣೆಯ ಮೇಲೆ ಕುಳಿತು ಕಾಯಿ ತುರಿಯುತ್ತಿರುವಾಗ ಅವಳ ಮುಂದೆ ಈ ಪ್ರಶ್ನೆಯನ್ನಿಟ್ಟೆ. "ಅತ್ತೆ, ನಿಮ್ಮ ಹುಡುಗಿ ಕೇಳಿದ್ದು ಸಣ್ಣ ಪ್ರಶ್ನೆಯಲ್ಲ" ಎಂದು ಅವಳು ಬಾಗಿಲಿಗೆ ಒರಗಿ ಕುಳಿತಳು. ಆ ದಿನ ಊಟವಾದಾಗ ಗಂಟೆ ಮೂರು.

ಈ ಪ್ರಶ್ನೆ ಡಾರ್ವಿನ್ನನನ್ನೂ ಕಾಡಿತ್ತಂತೆ. ದೇವರು ಪ್ರತಿ ದ್ವೀಪಕ್ಕೂ ಅದರದೇ ಗಿಡಗಳನ್ನು ಪ್ರತ್ಯೇಕವಾಗಿ ಸೃಷ್ಟಿಸಲಿಲ್ಲ ಎಂದಾದರೆ ಅವು ಅಷ್ಟು ದೂರ ಸಮುದ್ರ ದಾಟಿದ್ದು ಹೇಗೆಂದು ತೋರಿಸಬೇಕಲ್ಲ! ಆತ 1855ರ ಸುಮಾರಿಗೆ ಮನೆಯಲ್ಲಿಯೇ ಉಪ್ಪುನೀರಿನ ಪಾತ್ರೆಗಳಲ್ಲಿ ಬೀಜಗಳನ್ನು ನೆನೆಹಾಕಿ ದಿನ ಎಣಿಸುತ್ತಾ ಕುಳಿತ. 87 ಜಾತಿಯ ಬೀಜಗಳಲ್ಲಿ 64 ಜಾತಿಯವು 28 ದಿನ ಉಪ್ಪುನೀರಿನಲ್ಲಿದ್ದೂ ಮೊಳೆತವು. ಹೆಸರುಕಾಳು ನೆನೆಹಾಕಿ ಮೊಳಕೆ ಕಟ್ಟುವ ನಮಗೆ ಇದು ವಿಜ್ಞಾನವೆಂದು ಅನ್ನಿಸುವುದೇ ಇಲ್ಲ. ಆದರೆ ಮೊಳೆಯಬಲ್ಲದು ಎಂಬುದು ಬೇರೆ, ಮೊಳೆಯಿತು ಎಂಬುದು ಬೇರೆ. ಡಾರ್ವಿನ್ನನ ಪಾತ್ರೆ ಮೊದಲನೆಯದನ್ನು ಮಾತ್ರ ಹೇಳಿತು.

1883ರಲ್ಲಿ ಇಂಡೋನೇಷ್ಯಾದ ಕ್ರಕಟೋವ ದ್ವೀಪ ಜ್ವಾಲಾಮುಖಿಯಲ್ಲಿ ಸಿಡಿದುಹೋದ ಮೇಲೆ ಜನ ಕಣ್ಣಾರೆ ನೋಡಿದ್ದೂ ಉಂಟು. ಉಳಿದ ನೆಲವೆಲ್ಲ ಸುಟ್ಟ ಬೂದಿ. ಒಂಬತ್ತು ತಿಂಗಳ ನಂತರ ಹೋದವರಿಗೆ ಅಲ್ಲಿ ಕಂಡ ಜೀವ ಒಂದೇ ಒಂದು ಸಣ್ಣ ಜೇಡ. 1886ರ ಹೊತ್ತಿಗೆ ಜರೀಗಿಡಗಳೂ ಕೆಲವು ಹೂಬಿಡುವ ಗಿಡಗಳೂ ಬಂದಿದ್ದವು. ಆ ಜೇಡದ ಕಥೆ ಕೇಳಿ ನನಗೆ ಮದುವೆಯಾದ ಹೊಸದರಲ್ಲಿ ಈ ಊರಿನ ಅಡಿಗೆಮನೆಯಲ್ಲಿ ಒಬ್ಬಳೇ ನಿಂತದ್ದು ನೆನಪಾಯಿತು. ನೆನಪಿಗೆ ಏನು, ಅದು ಯಾವುದಕ್ಕೆ ಬೇಕಾದರೂ ಅಂಟಿಕೊಳ್ಳುತ್ತದೆ, ಉತ್ತರಾಣಿಯ ಹಾಗೆ.

ಸಾವಿರಾರು, ಲಕ್ಷಾಂತರ ವರ್ಷಗಳ ಹಿಂದೆ ಯಾರೂ ನೋಡದಿದ್ದಾಗ ನಡೆದ ಪ್ರಯಾಣವನ್ನು ಈಗ ಹೇಗೆ ತಿಳಿಯುವುದು? ಅದಕ್ಕೇ ಡಿಎನ್‌ಎ, ವಂಶವಾಹಿ. ಈ ಪದಗಳು ನನಗೆ ಪತ್ರಿಕೆಯಲ್ಲಿ ಓದಿ ಮರೆತುಬಿಡುವ ಪದಗಳಾಗಿದ್ದವು. ಆದರೆ ಹುಡುಗಿ ಹೇಳಿದ ಉಪಾಯ ಎಷ್ಟು ಸುಲಭವಾಗಿತ್ತೆಂದರೆ ಅದನ್ನೇ ಇಲ್ಲಿ ಬರೆಯುತ್ತೇನೆ. ನಮ್ಮ ಅಜ್ಜಿಯ ಹತ್ತಿರ ಅಡಿಗೆಯ ಲೆಕ್ಕ ಬರೆದ ಒಂದು ಪುಸ್ತಕವಿತ್ತು. ಅವಳ ಮೂವರು ಹೆಣ್ಣುಮಕ್ಕಳು ಮದುವೆಯಾಗಿ ಹೋಗುವಾಗ ಒಬ್ಬೊಬ್ಬರೂ ಅದನ್ನು ನಕಲು ಮಾಡಿಕೊಂಡರು. ದೊಡ್ಡಮ್ಮ ಅವಸರದಲ್ಲಿ ಸಾರಿನ ಪುಡಿಯ ಪಟ್ಟಿಯಲ್ಲಿ "ಜೀರಿಗೆ" ಎಂಬುದನ್ನು ಎರಡು ಸಲ ಬರೆದಳು. ಅವಳ ಮಗಳ ಪುಸ್ತಕದಲ್ಲೂ ಎರಡು ಸಲವೇ ಇದೆ, ಮೊಮ್ಮಗಳದರಲ್ಲೂ ಅಷ್ಟೆ. ಚಿಕ್ಕಮ್ಮನ ಪುಸ್ತಕದಲ್ಲಿ ಆ ತಪ್ಪಿಲ್ಲ, ಬೇರೊಂದಿದೆ. ಈಗ ಎಲ್ಲಿಯೋ ಒಂದು ಹಳೆಯ ಪುಸ್ತಕ ಸಿಕ್ಕಿ, ಅದರಲ್ಲಿ ಜೀರಿಗೆ ಎರಡು ಸಲ ಕಂಡರೆ, ಹೆಸರು ಬರೆದಿರದಿದ್ದರೂ ಅದು ದೊಡ್ಡಮ್ಮನ ಕಡೆಯದೆಂದು ಹೇಳಬಹುದಲ್ಲವೆ? ಜೀವಿಗಳ ಒಳಗಿನ ಬರಹವೂ ಪೀಳಿಗೆಯಿಂದ ಪೀಳಿಗೆಗೆ ನಕಲಾಗುತ್ತದೆ. ಕೆಲವು ಕಡೆ ಒಂದೇ ಅಕ್ಷರಗುಚ್ಛ ಮತ್ತೆ ಮತ್ತೆ ಬಂದಿರುತ್ತದೆ, ಒಂದು ಬಳಗದಲ್ಲಿ ಹನ್ನೆರಡು ಸಲ, ಇನ್ನೊಂದರಲ್ಲಿ ಹದಿನೈದು ಸಲ. ಅದನ್ನು ಎಣಿಸಿ ಹೋಲಿಸಿದರೆ ಯಾರು ಯಾರ ಕಡೆಯವರು ಎಂದು ಗೊತ್ತಾಗುತ್ತದೆ.

ಯಾವುದು ತೌರು, ಯಾವುದು ಹೋಗಿ ಸೇರಿದ ಮನೆ ಎಂಬುದೂ ತಿಳಿಯುತ್ತದಂತೆ. ತೌರಿನ ಬೀರುವಿನಲ್ಲಿ ಐವತ್ತು ಸೀರೆಯಿದ್ದರೂ ಮಗಳ ಪೆಟ್ಟಿಗೆಯಲ್ಲಿ ಹೋಗುವುದು ಹತ್ತೇ. ದ್ವೀಪಕ್ಕೆ ಒಂದೋ ಎರಡೋ ಬೀಜ ಬಂದು ಬೇರೂರಿದರೆ ಅಲ್ಲಿನ ಸಂತತಿಯಲ್ಲೆಲ್ಲ ಆ ಒಂದೆರಡರ ಗುಣಗಳೇ. ಮೂಲ ನಾಡಿನಲ್ಲಿ ಅವೂ ಇರುತ್ತವೆ, ಇನ್ನೂ ಬೇಕಾದಷ್ಟು ಇರುತ್ತವೆ.

ಈ ರೀತಿಯಲ್ಲಿ ತಿಳಿದ ಒಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ನಮ್ಮ ಕರಾವಳಿಯ ಗುಡ್ಡಗಳ ಮೇಲೆಲ್ಲ ನೆಟ್ಟಿರುವ ಅಕೇಶಿಯಾದ ಬಳಗಕ್ಕೆ ಸೇರಿದ ಒಂದು ಮರ ಹವಾಯಿ ದ್ವೀಪಗಳಲ್ಲಿದೆ. ಇನ್ನೊಂದು, ಮಾರಿಷಸ್ಸಿನ ಪಕ್ಕದ ರೀಯೂನಿಯನ್ ದ್ವೀಪದಲ್ಲಿದೆ. ನಡುವೆ 18,000 ಕಿಲೋಮೀಟರು, ಅಂದರೆ ಹೆಚ್ಚುಕಡಿಮೆ ಭೂಮಿಯ ಅರ್ಧ ಸುತ್ತು. 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ರೀಯೂನಿಯನ್ನಿನ ಮರ ಹವಾಯಿಯ ಮರದ ಸಂತಾನವೇ. ಸುಮಾರು 14 ಲಕ್ಷ ವರ್ಷಗಳ ಹಿಂದೆ ಹೋದದ್ದು. ಆಗ ದೋಣಿ ಕಟ್ಟುವ ಮನುಷ್ಯನೇ ಇರಲಿಲ್ಲ. ಯಾವುದೋ ಕಡಲಹಕ್ಕಿ ಒಯ್ದಿರಬೇಕು ಎನ್ನುತ್ತಾರೆ. ಆ ಹಕ್ಕಿಗೆ ತಾನೇನು ಮಾಡಿದೆ ಎಂಬುದು ತಿಳಿದಿರಲಿಕ್ಕಿಲ್ಲ.

ಇನ್ನು ತೆಂಗು. ಅದರ ವಿಷಯ ಮಾತ್ರ ನಾನು ನಿಧಾನವಾಗಿ ಹೇಳಬೇಕು. ಏಕೆಂದರೆ ನನ್ನ ತೌರು ಕಾಸರಗೋಡು ಸೀಮೆಯ ಕುಂಬಳೆಯ ಕಡೆ. ಅಂಗಳಕ್ಕಿಂತ ಹೆಚ್ಚು ತೆಂಗಿನ ನೆರಳಿನಲ್ಲೇ ಬೆಳೆದವಳು ನಾನು. ಕಾಲೇಜಿಗೆ ಬಸ್ಸಿನಲ್ಲಿ ಹೋಗುವಾಗ ಕೂಡ್ಲುವಿನಲ್ಲಿ ತೋಟಗಾರಿಕೆ ಬೆಳೆಗಳ ಕೇಂದ್ರೀಯ ಸಂಶೋಧನಾಲಯ ಸಿಗುತ್ತಿತ್ತು. 1916ರಲ್ಲಿ ಮದರಾಸು ಸರ್ಕಾರ ತೆಂಗಿನ ಸಂಶೋಧನೆಗೆಂದು ತೆರೆದ ಕೇಂದ್ರ, 1970ರಲ್ಲಿ ಈಗಿನ ರೂಪ ಪಡೆಯಿತು. ನಮಗದು "ತೆಂಗಿನ ಆಫೀಸು". ತೆಂಗಿನ ಬಗ್ಗೆ ಸಂಶೋಧನೆ ಮಾಡಲು ಏನಿದೆ, ನೆಟ್ಟರೆ ಬರುತ್ತದೆ, ಬಿದ್ದರೆ ಹೆಕ್ಕುವುದು ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ಅದೇ ಸಂಸ್ಥೆಯವರು ಹಿಂದೂ ಮಹಾಸಾಗರದ ದ್ವೀಪಗಳಿಂದ ತಂದ ತೆಂಗಿನ ತಳಿಗಳನ್ನು ಸುಬ್ರಹ್ಮಣ್ಯದ ಹತ್ತಿರ, ನೆಟ್ಟಣದ ಬಳಿಯ ಕಿದು ಎಂಬಲ್ಲಿ ನೆಟ್ಟು ಕಾಪಾಡಿದ್ದಾರೆ. ಲಕ್ಷದ್ವೀಪದ ಮಿನಿಕಾಯ್‌ನಲ್ಲೂ ಅವರ ಕೇಂದ್ರವಿದೆ. ಲಕ್ಷದ್ವೀಪದ್ದೇ ಒಂದು ತಳಿಗೆ ಅವರು ಇಟ್ಟ ಹೆಸರು ಚಂದ್ರಕಲ್ಪ. ಹೆಸರು ಯಾರಿಟ್ಟರೋ, ಚೆನ್ನಾಗಿದೆ.

2011ರಲ್ಲಿ ಅಮೆರಿಕದ ಮತ್ತು ಫ್ರಾನ್ಸಿನ ಮೂವರು ವಿಜ್ಞಾನಿಗಳು, ಗನ್, ಬೊದ್ವಾಂ ಮತ್ತು ಓಲ್ಸೆನ್, ಪ್ರಪಂಚದ ನಾನಾ ಕಡೆಯ 1,300ಕ್ಕೂ ಹೆಚ್ಚು ತೆಂಗಿನ ಮರಗಳ ಡಿಎನ್‌ಎ ಹೋಲಿಸಿದ ಫಲವನ್ನು ಪ್ರಕಟಿಸಿದರು. ಲೋಕದ ತೆಂಗೆಲ್ಲ ಎರಡು ದೊಡ್ಡ ಬಳಗ. ಒಂದು ಶಾಂತಸಾಗರದ ಕಡೆಯದು, ಆಗ್ನೇಯ ಏಷ್ಯಾದ ದ್ವೀಪಗಳಲ್ಲಿ ಮನುಷ್ಯನ ಕೈಗೆ ಪಳಗಿದ್ದು. ಇನ್ನೊಂದು ನಮ್ಮ ಕಡೆಯದು. ಭಾರತದ ದಕ್ಷಿಣದ ಅಂಚು, ಶ್ರೀಲಂಕಾ, ಮಾಲ್ಡೀವ್ಸ್, ಲಕ್ಷದ್ವೀಪ ಈ ವಲಯದಲ್ಲಿ ಪಳಗಿದ್ದು. ಇವೆರಡು ಬಹಳ ಹಿಂದೆಯೇ ಬೇರೆಯಾದವು. ಆದರೆ ಮಡಗಾಸ್ಕರ್ ಮತ್ತು ಕೊಮೊರೊ ದ್ವೀಪಗಳ ತೆಂಗಿನಲ್ಲಿ ಎರಡೂ ಬೆರೆತಿವೆ. ಶಾಂತಸಾಗರದ ಕಡೆಯ ಕಾಯಿ ಅಷ್ಟು ದೂರ ತಾನಾಗಿ ತೇಲಿ ಬರಲಿಲ್ಲ. ಆಗ್ನೇಯ ಏಷ್ಯಾದಿಂದ ದೋಣಿಯಲ್ಲಿ ಸಮುದ್ರ ದಾಟಿ ಬಂದ ಜನ ತಂದರು.

ಹಾಗಾದರೆ ನನ್ನ ಹುಡುಗಿಯ ಅನುಮಾನ ಸರಿಯೇ ಆಗಿತ್ತು! ತೆಂಗು ತೇಲುವುದೂ ನಿಜ. ದಪ್ಪ ಸಿಪ್ಪೆಯ, ಉದ್ದನೆಯ ಕಾಯಿ ಮೂರು ತಿಂಗಳಿಗೂ ಹೆಚ್ಚು ಕಾಲ ಉಪ್ಪುನೀರಿನಲ್ಲಿದ್ದು ಮೊಳೆಯಬಲ್ಲದು. ಆದರೆ ಮನುಷ್ಯ ಹೆಚ್ಚು ನೀರಿರುವ, ಸಿಪ್ಪೆ ತೆಳುವಾದ ದುಂಡು ಕಾಯಿಯನ್ನು ಆರಿಸಿ ಆರಿಸಿ ಬೆಳೆಸಿದ. ತೇಲುವ ಕಾಯಿಯನ್ನು ಸಮುದ್ರ ಒಯ್ಯಿತು, ಸಿಹಿ ಕಾಯಿಯನ್ನು ದೋಣಿ ಒಯ್ಯಿತು.

ಇನ್ನೊಂದು ಮಾತು ಹೇಳಿದಾಗ ನಾನು ತುರಿಯುವುದನ್ನೇ ನಿಲ್ಲಿಸಿದೆ. ನಮ್ಮ ತೌರಿನ ಬಾವಿಕಟ್ಟೆಯ ಬಳಿ ಒಂದು ಗೆಂದಾಳಿ ಮರವಿತ್ತು. ಗಿಡ್ಡ ಮರ, ಕೆಂಪು ಬಣ್ಣದ ಕಾಯಿ. ಕಲಶಕ್ಕೆ ಅದೇ, ಜ್ವರ ಬಂದವರಿಗೆ ಬೊಂಡ ಕೊಡುವುದೂ ಅದರದೇ. ನಮ್ಮ ಮನೆಯದೆಂದು, ನಮ್ಮ ದೇವರದೆಂದು ನಾವು ಎಲ್ಲಕ್ಕಿಂತ ಹೆಚ್ಚು ಹೇಳಿಕೊಳ್ಳುತ್ತಿದ್ದ ಮರ. ಡಿಎನ್‌ಎ ನೋಡಿದರೆ ಇಂಥ ಗಿಡ್ಡ ತಳಿಗಳು ಶಾಂತಸಾಗರದ ಬಳಗಕ್ಕೆ ಸೇರಿದವಂತೆ. ತೋಟದ ತುಂಬ ಯಾರೂ ಪೂಜಿಸದೆ ನಿಂತಿದ್ದ ಎತ್ತರದ ಊರ ತೆಂಗು ಇಲ್ಲಿಯದು, ಕಲಶದ ಮೇಲೆ ಕುಳಿತದ್ದು ಹೊರಗಿನಿಂದ ಬಂದದ್ದು. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಬಂದು ಎಷ್ಟು ಕಾಲವಾಯಿತೋ, ಈಗ ಅದಕ್ಕೇನು?" ಎಂದಳು. ಅಡಿಗೆಯ ಗಡಿಬಿಡಿಯಲ್ಲಿದ್ದಳು, ಫೋನು ಇಟ್ಟಳು.

ನಮ್ಮಲ್ಲಿ ಒಂದು ಗಾದೆಯಿದೆ: ನದೀಮೂಲ, ಋಷಿಮೂಲ, ಹೆಣ್ಣಿನ ಮೂಲ ಹುಡುಕಬಾರದು. ನನ್ನ ಅತ್ತೆಯವರು ಈ ಗಾದೆಯನ್ನು ಆಗಾಗ ಹೇಳುತ್ತಿದ್ದರು. ಹೇಳಿ ಮುಗಿಸಿದ ಮರುಗಳಿಗೆಗೇ ಪಕ್ಕದ ಮನೆಗೆ ಬಂದ ಹೊಸ ಸೊಸೆಯ ತೌರು, ಗೋತ್ರ, ಮನೆಮಾತು ಎಲ್ಲವನ್ನೂ ವಿಚಾರಿಸಿಕೊಂಡು ಬರುತ್ತಿದ್ದರು. ಆ ಗಾದೆಯೊಳಗೆ ಒಂದು ಸಣ್ಣ ಭಯವಿದೆ ಎಂದು ನನಗೆ ಈಗ ತೋರುತ್ತದೆ. ಹುಡುಕಿದರೆ ಸಣ್ಣ ತೊರೆ ಸಿಕ್ಕೀತು, ದೊಡ್ಡತನ ಕಡಿಮೆಯಾದೀತು ಎಂಬ ಭಯ. ವಿಜ್ಞಾನಿಗೆ ಆ ಭಯವಿಲ್ಲ. ಅವನಿಗೆ ಬೇಕಾದದ್ದು ದಾರಿ.

ಹುಡುಕಿದ್ದರಿಂದ ಎಷ್ಟು ಚೆಲುವಾದ ಸಂಗತಿಗಳು ಸಿಕ್ಕಿವೆ ನೋಡಿ. ಅದೇ ಮಡಗಾಸ್ಕರಿನ ಜನರ ಡಿಎನ್‌ಎಯನ್ನೂ ಪರೀಕ್ಷಿಸಿದ್ದಾರೆ. ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಒಂದು ಬಗೆಯ ಡಿಎನ್‌ಎ ಇದೆ. ಅದನ್ನು ನೋಡಿ 2012ರಲ್ಲಿ ಹೇಳಿದ್ದೇನೆಂದರೆ, ಸುಮಾರು 1,200 ವರ್ಷಗಳ ಹಿಂದೆ ಆ ದೊಡ್ಡ ದ್ವೀಪದ ಜನಸಂತತಿಗೆ ಬುನಾದಿ ಹಾಕಿದ ತಾಯಂದಿರು ಸುಮಾರು 30 ಮಂದಿ. ಅವರಲ್ಲಿ ಹೆಚ್ಚಿನವರು ಇಂಡೋನೇಷ್ಯಾದ ಕಡೆಯಿಂದ ಹೋದವರು. ಮೂವತ್ತು ಹೆಂಗಸರು! ನಮ್ಮ ಬೀದಿಯ ಗೌರಿಹಬ್ಬದ ಬಾಗಿನಕ್ಕೆ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ. ಅವರು ಯಾಕೆ ಹೋದರು, ಇಷ್ಟಪಟ್ಟು ಹೋದರೋ ಹೊತ್ತೊಯ್ದರೋ, ದೋಣಿಯಲ್ಲಿ ತೆಂಗಿನಕಾಯಿಯ ಪಕ್ಕದಲ್ಲಿ ಕುಳಿತು ಏನು ಮಾತಾಡಿಕೊಂಡರೋ, ಅದನ್ನು ಯಾವ ಡಿಎನ್‌ಎಯೂ ಹೇಳುವುದಿಲ್ಲ.

ಈಗ ನನ್ನ ಬಾಕಿಯ ವಿಷಯ.

ಆ ಹುಡುಗಿ ಆರನೆಯ ತರಗತಿಗೆ ಸೇರಿದಾಗ ನಾನೇ ಅವಳ ಕ್ಲಾಸ್ ಟೀಚರು. ದಾಖಲಾತಿ ಪುಸ್ತಕ ತುಂಬುವ ಕೆಲಸ. ಜನ್ಮಸ್ಥಳ, ಮಾತೃಭಾಷೆ, ಸ್ವಂತ ಊರು. ಸ್ವಂತ ಊರು ಯಾವುದಮ್ಮ ಎಂದೆ. "ತಿಲಕ್ ನಗರ, ಮಿಸ್." ಅದು ಈಗ ಇರುವುದು, ಮೂಲ ಯಾವುದು ಎಂದೆ. "ಇದೇ ಮಿಸ್." ಅಪ್ಪನ ಊರು? "ಇದೇ." ತಾತ ಅಜ್ಜಿಯದು? ಅವಳು ಸುಮ್ಮನಾದಳು. ನಾನು ಪೆನ್ನು ಹಿಡಿದುಕೊಂಡು, ಇಡೀ ತರಗತಿಯ ಮುಂದೆ, "ಎಲ್ಲರಿಗೂ ಒಂದು ಊರು ಅಂತ ಇರತ್ತಮ್ಮ" ಎಂದೆ. ಹಿಂದಿನಿಂದ ಯಾರೋ "ಸ್ಲಮ್ಮು ಮಿಸ್" ಎಂದರು. ಮಕ್ಕಳು ನಕ್ಕರು. ನಾನು ಅವರನ್ನು ಗದರಿಸಿದೆ, ನಿಜ. ಆದರೆ ನಗುವಿಗೆ ದಾರಿ ಮಾಡಿಕೊಟ್ಟವಳು ನಾನೇ. ಮಾರನೆಯ ದಿನ ಅವಳು ಬಂದು, "ಗೊತ್ತಿಲ್ಲ ಅಂತ ಬರ್ಕೊಬೇಕಂತೆ, ಅಜ್ಜಿ ಹೇಳಿದ್ರು" ಎಂದಳು. ನಾನು ಆ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದು ಪುಸ್ತಕ ಮುಚ್ಚಿದೆ.

ಹೀಗೆ ಕೇಳಿದವಳು ಯಾರು? ಮೂವತ್ತು ವರ್ಷಗಳಿಂದ ಅದೇ ಪ್ರಶ್ನೆಯಿಂದ ತಪ್ಪಿಸಿಕೊಳ್ಳುತ್ತಾ ಬಂದವಳು. ಮದುವೆಯಾಗಿ ಬಂದ ಹೊಸದರಲ್ಲಿ ಕಾಸರಗೋಡು ಎಂದರೆ "ಓ, ಮಲೆಯಾಳಿಗಳಾ? ಕನ್ನಡ ಎಷ್ಟು ಚೆನ್ನಾಗಿ ಕಲಿತಿದ್ದೀರಿ" ಎನ್ನುತ್ತಿದ್ದರು. ನಾನು ಕನ್ನಡ ಟೀಚರು! 1956ರ ನವೆಂಬರ್ 1ರಂದು ನಮ್ಮ ತಾಲ್ಲೂಕು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋಯಿತು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ಹಾಗೆಯೇ ಉಳಿಯಿತು ಎಂದೆಲ್ಲ ಕಾಂಪೌಂಡಿನ ಪಕ್ಕ ನಿಂತವರಿಗೆ ಹೇಗೆ ವಿವರಿಸುವುದು? ಅದೇ ದಿನ, ಅಲ್ಲಿಯವರೆಗೆ ಮಂಗಳೂರಿನಿಂದ ಆಡಳಿತ ನಡೆಯುತ್ತಿದ್ದ ಅಮಿನಿದೀವಿ ದ್ವೀಪಗಳೂ ದಕ್ಷಿಣ ಕನ್ನಡವನ್ನು ಬಿಟ್ಟು ಹೊಸ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ಅಲ್ಲಿನವರು ಹಾಯಿದೋಣಿಗಳಲ್ಲಿ ಕೊಬ್ಬರಿ, ಹುರಿಹಗ್ಗ ತಂದು ಮಂಗಳೂರಿನಲ್ಲಿ ಕೊಟ್ಟು ಅಕ್ಕಿ ಒಯ್ಯುತ್ತಿದ್ದ ಕಾಲ ಅದು. ಮರಗಳು ನಿಂತಲ್ಲೇ ನಿಂತಿದ್ದವು, ಜನರೂ ನಿಂತಲ್ಲೇ ನಿಂತಿದ್ದರು, ಊರುಗಳು ಮಾತ್ರ ಕಾಗದದ ಮೇಲೆ ಎದ್ದು ಹೋದವು. ಅಷ್ಟು ಹೇಳುವ ತಾಳ್ಮೆಯಿಲ್ಲದೆ ನಾನು "ಮಂಗಳೂರ ಕಡೆ" ಎಂದು ಹೇಳುವುದನ್ನು ರೂಢಿ ಮಾಡಿಕೊಂಡೆ. ಸುಳ್ಳೂ ಅಲ್ಲ, ನಿಜವೂ ಅಲ್ಲ.

ತೆಂಗಿನ ಕಥೆ ಕೇಳಿದ ಮೇಲೆ ನನಗೆ ಬಹಳ ಸಮಾಧಾನವಾಯಿತು. ಎಲ್ಲರೂ ಎಲ್ಲಿಂದಲೋ ಬಂದವರೇ, ಗೆಂದಾಳಿಯೂ, ನಾನೂ, ಆ ಹುಡುಗಿಯ ಅಜ್ಜಿಯೂ. ಮೆಣಸಿನಕಾಯಿ ಅಮೆರಿಕ ಖಂಡದ್ದು, ಪರಂಗಿಹಣ್ಣು ತನ್ನ ಹೆಸರಿನಲ್ಲೇ ಪರದೇಶಿ. ಇದನ್ನೇ ತರಗತಿಯಲ್ಲಿ ಹೇಳಿಬಿಡುತ್ತೇನೆ ಎಂದೆ. ನನ್ನ ಸೊಸೆ, ಎಂದರೆ ಅಣ್ಣನ ಮಗಳು, ಒಪ್ಪಲಿಲ್ಲ.

"ಅತ್ತೆ, ಎಲ್ಲರೂ ಬಂದವರೇ ಅಂತ ಹೇಳಿ ಕೈ ತೊಳೆದುಕೊಳ್ಳಬೇಡಿ. ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನ ನೋಡಿದ್ದೀರಲ್ಲ? ಅದೂ ಬಂದದ್ದೇ. ಹೂವು ಚೆನ್ನಾಗಿದೆ ಅಂತ ತಂದು ನೆಟ್ಟರು. ಈಗ ಕಾಡಿನೊಳಗೆ ಹುಲ್ಲಿಗೆ ಜಾಗ ಇಲ್ಲ."

ದ್ವೀಪಗಳಲ್ಲಂತೂ ಇದು ಇನ್ನೂ ಕಠಿಣವಂತೆ. ನೆಪೋಲಿಯನ್ನನನ್ನು ಸೆರೆಯಿಟ್ಟ ಸೇಂಟ್ ಹೆಲೆನಾ ದ್ವೀಪವನ್ನು ನಾನು ಪ್ರತಿವರ್ಷ ನಕ್ಷೆಯಲ್ಲಿ ತೋರಿಸುತ್ತೇನೆ. ಅಲ್ಲಿಗೆ 1513ರಲ್ಲಿಯೇ ಪೋರ್ಚುಗೀಸರು ಆಡುಗಳನ್ನು ಬಿಟ್ಟರೆಂದೂ, ಅವು ಮರದ ಸಸಿಗಳನ್ನು ಏಳಗೊಡಲಿಲ್ಲವೆಂದೂ ನನಗೆ ತಿಳಿದಿರಲಿಲ್ಲ. ಲಕ್ಷಾಂತರ ವರ್ಷ ಮೇಯುವ ಪ್ರಾಣಿಯನ್ನೇ ಕಾಣದ ಗಿಡಗಳಿಗೆ ಬೇಕಾದ ರಕ್ಷಣೆಯಿರಲಿಲ್ಲ. ಪ್ರಪಂಚದಲ್ಲಿ ಇನ್ನೆಲ್ಲಿಯೂ ಇಲ್ಲದ ಸೇಂಟ್ ಹೆಲೆನಾ ಆಲಿವ್ ಎಂಬ ಮರದ ಕೊನೆಯ ಗಿಡ 2003ರಲ್ಲಿ ಸತ್ತಿತು. ಯಾವುದು ಯಾವಾಗ ಎಲ್ಲಿಂದ ಬಂತು ಎಂದು ತಿಳಿಯದಿದ್ದರೆ ಯಾವುದನ್ನು ಉಳಿಸಬೇಕು ಎಂಬುದೂ ತಿಳಿಯುವುದಿಲ್ಲ.

ನಾನು ಸುಮ್ಮನಾದೆ. ಏಕೆಂದರೆ ಅವಳ ಮಾತು ಕೇಳುತ್ತಿದ್ದಂತೆ ನನಗೆ ಬೇರೊಂದು ಮಾತು ನೆನಪಾಗಿತ್ತು. ಒಮ್ಮೆ ಒಂದು ಮದುವೆಯ ಮನೆಯಲ್ಲಿ, ಒಳ್ಳೆಯ ಓದು ಇದ್ದ ಒಬ್ಬ ಹೆಂಗಸು, ನಮ್ಮ ಕಡೆಯ ಗುಡಿಸಲುಗಳ ಜನರನ್ನು ಕುರಿತು, "ಪಾರ್ಥೇನಿಯಂ ಥರ ಹಬ್ಬಿಬಿಟ್ಟಿದ್ದಾರೆ ರೀ" ಎಂದಿದ್ದರು. ಪಂಕ್ತಿಯಲ್ಲಿ ಕುಳಿತ ನಾಲ್ಕಾರು ಮಂದಿ ನಕ್ಕರು. ನಾನು ನಗಲಿಲ್ಲ, ಆದರೆ ಏನೂ ಹೇಳಲೂ ಇಲ್ಲ. ಆ ಮಾತು ಎಷ್ಟು ಕ್ರೂರ ಎಂದು ಈಗಲೂ ಅನ್ನಿಸುತ್ತದೆ. ಆದರೆ ನಾನು ಮಾಡಹೊರಟಿದ್ದೂ ಅದೇ ತಾನೆ? ಆಕೆ ಮನುಷ್ಯರನ್ನು ಪಾರ್ಥೇನಿಯಂ ಎಂದರು, ನಾನು ತೆಂಗು ಎನ್ನುತ್ತಿದ್ದೆ. ಗಿಡದ ಕಥೆಯಿಂದ ಮನುಷ್ಯರ ಹಕ್ಕು ತೀರ್ಮಾನವಾಗುವುದಾದರೆ ಯಾವ ಗಿಡವನ್ನು ಆರಿಸಿಕೊಂಡೆವು ಎಂಬುದರ ಮೇಲೆಯೇ ನ್ಯಾಯ ನಿಂತಂತಾಯಿತು. ಗಿಡ ಕೆಟ್ಟದ್ದಾದರೆ ಕಿತ್ತುಹಾಕಬಹುದು. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಅದೇ ಲಂಟಾನವನ್ನು ಕಡಿದು ಕುರ್ಚಿ ಬುಟ್ಟಿ ಹೆಣೆದು ಮಾರುತ್ತಾರೆ, ಸಂತೋಷ. ಆದರೆ ಆ ಹುಡುಗಿ ನನ್ನ ಮುಂದೆ ಸುಮ್ಮನೆ ನಿಂತಿದ್ದಾಗ ಅವಳಿಗೆ ಬೇಕಾಗಿದ್ದದ್ದು ತಾನು ಒಳ್ಳೆಯ ಗಿಡ ಎಂಬ ಸರ್ಟಿಫಿಕೇಟಲ್ಲ. ಅವಳು ಯಾವ ಗಿಡವೂ ಅಲ್ಲ. ತೆಂಗಿನ ಬಗ್ಗೆ ನಾನು ಏನನ್ನೂ ತಿಳಿಯದಿದ್ದರೂ ನಾನು ಮಾಡಿದ್ದು ತಪ್ಪೇ ಆಗಿರುತ್ತಿತ್ತು.

ಹಾಗೆಂದು ಮೂಲ ಕೇಳುವುದನ್ನೇ ಬಿಟ್ಟುಬಿಡೋಣವೆಂದರೆ ಅದೂ ಆಗುವುದಿಲ್ಲ. ಆ ವರ್ಷ ಅವಳಿಗೆ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿಸಬೇಕಾಗಿತ್ತು. ಅದಕ್ಕೆ ಜಾತಿ ಪ್ರಮಾಣಪತ್ರ. ಅದಕ್ಕೆ ಕಚೇರಿಯವರು ಮತ್ತೆ ಕೇಳಿದ್ದು ಮೂಲ ಊರಿನ ದಾಖಲೆಯನ್ನೇ. ಯಾರ ತಾತ ಮುತ್ತಾತರನ್ನು ಮೂಲ ಕೇಳಿ ಕೇಳಿಯೇ ಊರ ಹೊರಗಿಟ್ಟಿದ್ದರೋ, ಅವರ ಮೊಮ್ಮಕ್ಕಳಿಗೆ ನಾಲ್ಕು ಕಾಸು ಸಿಗಬೇಕಾದರೂ ಅದೇ ಮೂಲ ಬೇಕು. ಇದಕ್ಕೆ ಬೇರೆ ದಾರಿಯಿದೆಯೆ ಎಂದು ನಾನು ಬಹಳ ಯೋಚಿಸಿದ್ದೇನೆ. ನನಗೆ ಹೊಳೆದಿಲ್ಲ.

ಕೊನೆಗೆ ಹುಡುಗಿಯ ಅಪ್ಪ ನಾಲ್ಕನೆಯ ತರಗತಿಯವರೆಗೆ ಓದಿದ್ದ ಶಾಲೆಯ ವರ್ಗಾವಣೆ ಪತ್ರ ಒಂದು ತಗಡಿನ ಪೆಟ್ಟಿಗೆಯಲ್ಲಿ ಸಿಕ್ಕಿತು. ಅದರಲ್ಲಿ ಜಾತಿ ನಮೂದಾಗಿತ್ತು, ಕೆಲಸವಾಯಿತು. ಆ ಪತ್ರವನ್ನು ಹಿಡಿದುಕೊಂಡು ಶಾಲೆಗೆ ಬಂದವರು ಅಜ್ಜಿ. ನಾನು ಕುರ್ಚಿ ಕೊಟ್ಟೆ, ಅವರು ಅಂಚಿನ ಮೇಲೆ ಕುಳಿತರು. ಪತ್ರ ಬಿಡಿಸಿ ನೋಡಿದೆ. ಸ್ವಂತ ಊರಿನ ಜಾಗದಲ್ಲಿ ಒಂದು ಅಡ್ಡಗೆರೆ. ನನ್ನ ಹಾಗೆಯೇ ಯಾರೋ ಒಬ್ಬ ಮೇಷ್ಟರು, ಮೂವತ್ತೈದು ವರ್ಷಗಳ ಹಿಂದೆ, ಪೆನ್ನು ಹಿಡಿದು ಕೇಳಿ ಕೇಳಿ ಎಳೆದದ್ದು.

ಕೇಳಬಾರದೆಂದುಕೊಂಡಿದ್ದೆ. ಅವರೇ ಹೇಳಿದರು.

"ಊರ ಹೆಸರು ಗೊತ್ತಿಲ್ಲ ಕಣಮ್ಮ. ನಂಗಾಗ ಐದೋ ಆರೋ ವರ್ಸ. ನಮ್ಮವ್ವ ಕೈ ಹಿಡ್ಕಂಡು ರೈಲು ಹತ್ತಿಸಿದ್ಲು. ಊರ ಮುಂದೆ ಒಂದು ಹಳ್ಳ ಇತ್ತು, ಅದರ ಮಗ್ಗುಲಾಗೆ ಎರಡು ಹುಣಸೆಮರ. ಜಯನಗರದಾಗೆ ಮನೆ ಕಟ್ಟೋರು, ಕಲ್ಲು ಹೊರಕ್ಕೆ ಬಂದಿದ್ದು ನಾವು. ಅವ್ವ ಆ ವರ್ಸಾನೇ ಹೋಗ್ಬುಟ್ಲು. ಇನ್ಯಾರನ್ನ ಕೇಳಾನ?"

ಅವರ ಕನ್ನಡದ ನಡುವೆ ನಡುವೆ ತೆಲುಗಿನ ಒಂದೊಂದು ಮಾತು ಬರುತ್ತಿತ್ತು. ಅದರ ಜಾಡು ಹಿಡಿದು ಹೋದರೆ ಇಂಥ ಜಿಲ್ಲೆ ಎಂದು ಹೇಳಬಹುದೇನೋ ಎಂದು ನನ್ನ ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು. ರೂಢಿ ಅಷ್ಟು ಬೇಗ ಬಿಡುವುದಿಲ್ಲ. ನಾನು ದಾಖಲಾತಿ ಪುಸ್ತಕ ತರಿಸಿ, ಹುಡುಗಿಯ ಹೆಸರಿನ ಮುಂದಿನ ಅಡ್ಡಗೆರೆಯ ಮೇಲೆ "ತಿಲಕ್ ನಗರ, ಬೆಂಗಳೂರು" ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದೆ. ತಿದ್ದಿದ ಕಡೆಯಲ್ಲೆಲ್ಲ ಸಹಿ ಹಾಕಬೇಕೆಂಬುದು ನಿಯಮ. ಅಜ್ಜಿ ಅದನ್ನೇ ನೋಡುತ್ತಿದ್ದರು.

"ನಿಮ್ದು ಯಾವೂರು ಟೀಚರಮ್ಮ?"

ಮಂಗಳೂರ ಕಡೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. "ಕಾಸರಗೋಡು" ಎಂದೆ.

"ಅದೆಲ್ಲೈತೋ ನಂಗೊತ್ತಿಲ್ಲವ್ವ. ತೆಂಗು ಬೆಳೀತದಾ ಅಲ್ಲಿ?"

"ಬೆಳೀತದೆ. ತೆಂಗೇ ಜಾಸ್ತಿ."

"ಹಂಗಾದ್ರೆ ನೀರಿಗೆ ಬರ ಇರಾಕಿಲ್ಲ ಬುಡು" ಎಂದು ಅಜ್ಜಿ, ಪತ್ರವನ್ನು ನಾಲ್ಕು ಮಡಿಕೆ ಮಡಿಸಿ ಸೆರಗಿನ ಗಂಟಿಗೆ ಕಟ್ಟಿಕೊಂಡು ಎದ್ದರು.